ಮೇಯರಮ್ಮನ ಪ್ರಚಾರಕ್ಕೆ ಹೋಗಿ ಶೂ ಕಳೆದುಕೊಂಡದ್ದು

ನನ್ನ ಎಡಗಾಲಿನ ಶೂ ಈಗಲೂ ಅಮೆರಿಕದಲ್ಲಿದೆ. ಬಲಗಾಲಿನದ್ದು ಐವರ್ನಾಡಿನ ನಮ್ಮ ಮನೆಯ ಹಿಂಬದಿಯ ಮಾಡಿನಲ್ಲಿ ಸಿಕ್ಕಿಸಿಟ್ಟಿದೆ. ಬಿಸಾಡು ಎಂದು ನನ್ನ ಗಂಡ ಎಷ್ಟು ಹೇಳಿದರೂ ನಾನು ಕೇಳಿಲ್ಲ. ಅಮೆರಿಕಕ್ಕೆ ಹೋದವರು ಬರುವಾಗ ಚಾಕಲೇಟು ತರುತ್ತಾರೆ, ಸೆಂಟಿನ ಬಾಟಲಿ ತರುತ್ತಾರೆ. ನಾನು ತಂದದ್ದು ಒಬ್ಬ ಮೇಯರಮ್ಮನ ಕಥೆ. ಅದನ್ನು ಹೇಳುವಾಗಲೆಲ್ಲ ನನ್ನ ಧ್ವನಿ ಸ್ವಲ್ಪ ದೊಡ್ಡದಾಗುತ್ತದೆ ಎಂದು ಮನೆಯವರು ತಮಾಷೆ ಮಾಡುತ್ತಾರೆ. ಆಗಲಿ, ಹೆಮ್ಮೆ ಬಂದಾಗ ಪಿಸುಗುಟ್ಟಲು ನನಗೆ ಬರುವುದಿಲ್ಲ.

ಸುಳ್ಯ, ಚಪ್ಪಲಿ ಅಂಗಡಿ

ನಾನು ದೇವಕಿ. ನಮ್ಮ ಗ್ರಾಮ ಪಂಚಾಯತಿಗೆ ಒಮ್ಮೆ ಗೆದ್ದು, ಅರ್ಧ ಅವಧಿ ಅಧ್ಯಕ್ಷೆಯೂ ಆಗಿದ್ದವಳು. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ಮೈಕಿನ ಎದುರು ಕನ್ನಡ. ಇಂಗ್ಲಿಷು ಕೇಳಿದರೆ ತಿಳಿಯುತ್ತದೆ, ಆಡಲು ಹೊರಟರೆ ನಾಲಗೆ ಮುಷ್ಕರ ಹೂಡುತ್ತದೆ. ಹಳ್ಳಿಯಲ್ಲಿ ಗೆದ್ದು ಕೆಲಸ ಮಾಡಿದ ಹೆಂಗಸರಿಗೆ ಹೊರದೇಶದ ಊರಾಡಳಿತ ತೋರಿಸುವ ಸಂಸ್ಥೆಯೊಂದು ನನ್ನನ್ನೂ ಆರಿಸಿತ್ತು. ಒಬ್ಬೊಬ್ಬರಿಗೆ ಒಂದೊಂದು ಊರು. ಅಲ್ಲಿನ ಒಬ್ಬ ಚುನಾಯಿತರ ಮನೆಯಲ್ಲೇ ಉಳಿದುಕೊಳ್ಳಬೇಕು.

ಅಲ್ಲಿ ನವೆಂಬರಿನಲ್ಲಿ ಚಪ್ಪಲಿ ಹಾಕಿಕೊಂಡು ನಡೆದರೆ ಬೆರಳು ಮರಗಟ್ಟುತ್ತದೆ ಎಂದರು. ಸುಳ್ಯದ ಅಂಗಡಿಗೆ ಹೋಗಿ ಲೇಸು ಇಲ್ಲದ ಶೂ ಕೇಳಿದೆ. ಲೇಸು ಯಾಕೆ ಬೇಡ ಎಂದು ಅಂಗಡಿಯವರು ಕೇಳಿದರು. ಹತ್ತು ಮನೆಗೆ ಹೋಗುವವಳು, ಪ್ರತಿ ಮೆಟ್ಟಿಲಲ್ಲಿ ಬಗ್ಗಿ ಕಟ್ಟು ಬಿಚ್ಚುತ್ತಾ ಕೂತರೆ ಆಗುತ್ತದೆಯೇ ಎಂದೆ. ಅಮೆರಿಕದಲ್ಲಿ ಯಾರೂ ಬಾಗಿಲಲ್ಲಿ ಶೂ ಬಿಚ್ಚುವುದಿಲ್ಲ ಎಂದು ಅವರು ಹೇಳಿದರು. ತಾನು ಮಾರುವ ಸಾಮಾನಿನ ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಖಡಾಖಂಡಿತವಾಗಿ ಹೇಳುವ ಜನ ಅವರು. ನಾನು ನಂಬಲಿಲ್ಲ.

ಮೇಯರಮ್ಮನ ಅಡುಗೆಮನೆ

ನಾನು ಹೋದದ್ದು ಒಹಾಯೊ ರಾಜ್ಯದ ನದಿ ದಂಡೆಯ ಒಂದು ಪಟ್ಟಣಕ್ಕೆ. ಹೆಸರು ಹೇಳುವುದಿಲ್ಲ, ಅವರ ಚುನಾವಣೆಯ ಜಗಳ ಅವರಲ್ಲೇ ಇರಲಿ. ಅಗಲದಲ್ಲಿ ನಮ್ಮ ಪುತ್ತೂರಿನಷ್ಟೇ, ಗಲಾಟೆಯಲ್ಲಿ ಅದರ ಕಾಲಂಶವೂ ಇಲ್ಲ. ವಿಮಾನ ನಿಲ್ದಾಣಕ್ಕೆ ಜೆಸ್ಸಿ ಬಂದಿದ್ದಳು. ನೆಲ್ಯಾಡಿಯ ರಬ್ಬರ್ ತೋಟದ ಮನೆಯ ಹುಡುಗಿ, ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ರಜೆ ಹಾಕಿ ನನಗೆ ದುಭಾಷಿಯಾಗಿ ನಿಂತವಳು. ಮನೆಯಲ್ಲಿ ಮಲಯಾಳಂ ಆಡಿ ಬೆಳೆದ ಅವಳು ನನ್ನನ್ನು ಕಂಡ ಕೂಡಲೇ ತುಳುವಿನಲ್ಲಿ ಶುರು ಮಾಡಿದಳು, ನನಗೆ ಅರ್ಧ ಆಯಾಸ ಅಲ್ಲೇ ಇಳಿಯಿತು.

ಮೇಯರ್ ಎಂದರೆ ಬೋರ್ಡು ಹಾಕಿದ ಕಾರು, ಹಿಂದೆ ಮುಂದೆ ಜನ ಎಂದೇ ನಾನು ಎಣಿಸಿದ್ದೆ. ಸಣ್ಣ ಮನೆಯೊಂದರ ಬಾಗಿಲು ತೆರೆದು, ಕೈಗೆ ಹತ್ತಿದ ಹಿಟ್ಟನ್ನು ಒರೆಸಿಕೊಳ್ಳುತ್ತಾ ಬಂದ ದಪ್ಪ ಹೆಂಗಸನ್ನು ಅಡುಗೆಯವರೆಂದುಕೊಂಡು, ಮೇಯರ್ ಎಲ್ಲಿ ಎಂದು ಕೇಳಿಯೇ ಬಿಟ್ಟೆ. ಅವರೇ ಲೊರೆಟ್ಟ. ಅರವತ್ತು ದಾಟಿದವರು, ನಕ್ಕರೆ ಹೊಟ್ಟೆಯೂ ಸೇರಿ ನಗುತ್ತದೆ. ಆ ಊರಿನಲ್ಲಿ ಸಣ್ಣ ಮಕ್ಕಳೂ ಅವರನ್ನು ಬರೀ ಹೆಸರು ಹಿಡಿದು ಕರೆಯುತ್ತಾರೆ. ನನ್ನ ಬಾಯಿಗೆ ಅದು ಬರಲಿಲ್ಲ. ಲೊರೆಟ್ಟಕ್ಕ ಎಂದೆ. ಬಾಲ ಯಾಕೆ ಸೇರಿಸಿದ್ದು ಎಂದು ಕೇಳಿದರು. ದೊಡ್ಡವಳು ಎಂದು ಜೆಸ್ಸಿ ವಿವರಿಸಿದ ಮೇಲೆ, ಹಾಗಾದರೆ ನಗರಸಭೆಯ ನಾಮಫಲಕದಲ್ಲೂ ಹಾಗೆಯೇ ಬರೆಸಬೇಕು ಎಂದು ನಕ್ಕರು.

ಆ ಅಡುಗೆಮನೆಯ ಮೇಜಿನಲ್ಲೇ ಅವರ ರಾಜಕೀಯದ ಕಥೆ ಕೇಳಿದೆ. ಅವರು ಮೊದಲು ಶಾಲಾ ಬಸ್ಸಿನ ಡ್ರೈವರ್. ಒಂದು ಬೆಳಿಗ್ಗೆ ಮಕ್ಕಳನ್ನು ತುಂಬಿಕೊಂಡು ನದಿ ಪಕ್ಕದ ಕೆಳಬೀದಿಯಲ್ಲಿ ಬರುವಾಗ ಬಸ್ಸಿನ ಮೆಟ್ಟಿಲಿಗೆ ನೀರು ಬಂತು. ಹಿಂದಕ್ಕೇ ಗಾಡಿ ಓಡಿಸಿ ಹೇಗೋ ಮೇಲೆ ತಂದರು. ಮರುದಿನ ನಗರಸಭೆಗೆ ಹೋಗಿ, ಆ ಬೀದಿಯಲ್ಲಿ ಜನ ಇರುವುದು ಅಪಾಯ ಎಂದರು. ಡ್ರೈವರಿನ ಮಾತು ಯಾರಿಗೆ ಬೇಕು? ಹೇಳಲು ಕುರ್ಚಿ ಬೇಕೆಂದು ಸದಸ್ಯ ಸ್ಥಾನಕ್ಕೆ ನಿಂತು ಸೋತರು. ಇನ್ನೊಮ್ಮೆ ನಿಂತು ಗೆದ್ದರು. ಆಮೇಲೆ ಮೂರು ಸಲ ಮೇಯರ್. ಊರಿಗೆ ಮೊದಲ ಹೆಂಗಸು ಮೇಯರ್ ಅವರೇ.

ಮೊದಲ ಹೆಂಗಸು ಎಂದು ಕೇಳಿದಾಗ ನನಗೆ ಸುಮ್ಮನಿರಲು ಆಗಲಿಲ್ಲ. ನಮ್ಮ ಪಂಚಾಯತುಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೇ ಎಂದು ಕಾನೂನೇ ಇದೆ ಎಂದು ಹೇಳಿದೆ. ಲೊರೆಟ್ಟಕ್ಕ ಚಾಕು ಕೆಳಗಿಟ್ಟು, ಜೆಸ್ಸಿ ತಪ್ಪು ಹೇಳುತ್ತಿದ್ದಾಳೇನೋ ಎಂದು ಮತ್ತೊಮ್ಮೆ ಕೇಳಿದರು. ಅಷ್ಟು ದೂರ ಹೋಗಿ ಅಷ್ಟು ದೊಡ್ಡ ದೇಶದ ಮೇಯರಿಗೆ ನಾನು ಹೇಳಿಕೊಟ್ಟದ್ದು ಇದೊಂದೇ. ಆದರೂ ಆ ದಿನ ಊಟ ನನಗೆ ಬಹಳ ರುಚಿಸಿತು.

ಕೆಳಬೀದಿ

ಮರುದಿನ ಅವರೇ ಕಾರು ಓಡಿಸಿಕೊಂಡು ಕೆಳಬೀದಿ ತೋರಿಸಿದರು. ಬೀದಿ ಇತ್ತು, ಮನೆಗಳಿರಲಿಲ್ಲ. ಹುಲ್ಲಿನ ನಡುವೆ ಅಲ್ಲಲ್ಲಿ ಸಿಮೆಂಟಿನ ಮೆಟ್ಟಿಲುಗಳು, ಏರಿ ನಿಂತರೆ ಎದುರಿಗೆ ಬರೀ ಗಾಳಿ. ಒಂದು ಗೇಟಿನ ಕಂಬ ಒಂಟಿಯಾಗಿ ನಿಂತಿತ್ತು. ಬಸ್ಸಿನಲ್ಲಿ ಯಾವ ಮಗು ಯಾವ ಗೇಟಿನಿಂದ ಓಡಿ ಬರುತ್ತಿತ್ತು ಎಂದು ಲೊರೆಟ್ಟಕ್ಕ ಒಂದೊಂದೇ ತೋರಿಸುತ್ತಾ ಹೋದರು.

ಆ ಮನೆಗಳನ್ನು ತೆಗೆಸಿದ್ದು ಅವರೇ. ಹಿಂದಿನ ಅವಧಿಯಲ್ಲಿ ಸರಕಾರದಿಂದ ಪರಿಹಾರ ತರಿಸಿ, ಇಡೀ ಬೀದಿಯನ್ನು ಗುಡ್ಡದ ಮೇಲಿನ ಹೊಸ ಬಡಾವಣೆಗೆ ಎಬ್ಬಿಸಿದರು. ಇನ್ನು ಅಲ್ಲಿ ಯಾರೂ ಮನೆ ಕಟ್ಟಬಾರದೆಂದು ನಿರ್ಣಯವೂ ಆಯಿತು. ಕೆಲವರು ಅಳುತ್ತಾ ಹೋದರು, ಕೆಲವರು ಬೈಯುತ್ತಾ ಹೋದರು. ಅದಾದ ಮೇಲೆ ನದಿ ಒಮ್ಮೆಯೂ ಉಕ್ಕಲಿಲ್ಲ. ಅದೇ ಅವರ ಗ್ರಹಚಾರ. ನದಿಯೇ ಬಾರದಿದ್ದ ಮೇಲೆ ನಮ್ಮ ಮನೆ ಯಾಕೆ ಕೆಡವಿಸಿದ್ದು ಎಂದು ಜನ ಕೇಳತೊಡಗಿದರು. ಈ ಸಲದ ಚುನಾವಣೆಯಲ್ಲಿ ಅವರ ಎದುರಾಳಿ ಅಭ್ಯರ್ಥಿ ಇದನ್ನೇ ಹಿಡಿದಿದ್ದ. ತಾನು ಗೆದ್ದರೆ ಕೆಳಬೀದಿಯಲ್ಲಿ ಮತ್ತೆ ಮನೆ ಕಟ್ಟಲು ಬಿಡುತ್ತೇನೆ, ನದಿ ನೋಟದ ಮನೆಗಳು ಎಂದು ಅವನ ಭರವಸೆ. ಮತದಾನಕ್ಕೆ ಇನ್ನು ಕೆಲವೇ ದಿನ. ಲೊರೆಟ್ಟಕ್ಕ ಸೋತರೆ ಆ ಖಾಲಿ ಬೀದಿ ಮತ್ತೆ ತುಂಬುತ್ತದೆ.

ನನಗೆ ಉಪ್ಪಿನಂಗಡಿ ನೆನಪಾಯಿತು. ಮಳೆ ಜೋರಾದರೆ ನೇತ್ರಾವತಿ, ಕುಮಾರಧಾರ ಎರಡೂ ಎಲ್ಲಿಯವರೆಗೆ ಬಂದವು ಎಂದು ನೋಡಲು ನಾವೆಲ್ಲ ಕೊಡೆ ಹಿಡಿದು ಹೋಗುತ್ತೇವೆ, ಇಳಿದ ಮೇಲೆ ಎಲ್ಲರೂ ಮನೆಗೆ ಬಂದು ಮರೆತುಬಿಡುತ್ತೇವೆ. ಇಳಿದ ನೀರನ್ನು ಮರೆಯದ ರಾಜಕಾರಣಿಯನ್ನು ನಾನು ನೋಡಿದ್ದು ಇದೇ ಮೊದಲು.

ನಗರಸಭೆಯ ಸಭಾಂಗಣ

ಅಲ್ಲಿನ ನಗರಸಭೆಯಲ್ಲಿ ಯಾರು ಬೇಕಾದರೂ ಎದ್ದು ಮೂರು ನಿಮಿಷ ಮಾತಾಡಬಹುದು. ಮೇಯರ್ ಕೂತು ಕೇಳಬೇಕು. ನಮ್ಮ ಗ್ರಾಮಸಭೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಕೇಳುವ ಕೆಲಸ ಗೋಡೆಗೆ. ಇಲ್ಲಿ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತು ಬೈಯುತ್ತಾರೆ, ಬೈದು ಮುಗಿದ ಮೇಲೆ ಥ್ಯಾಂಕ್ಯೂ ಎನ್ನುತ್ತಾರೆ.

ಆ ದಿನ ಕೊನೆಗೆ ಎದ್ದವರು ಎತ್ತರದ, ಟೊಪ್ಪಿ ಹಾಕಿದ ಒಬ್ಬ ಮುದುಕ, ವಾಲ್ಟರ್. ಕೆಳಬೀದಿಯಲ್ಲಿ ತನ್ನ ತಂದೆ ಕೈಯಾರೆ ಕಟ್ಟಿದ ಮನೆಯನ್ನು ಈ ಹೆಂಗಸು ಯಂತ್ರ ಬಿಟ್ಟು ಒಂದು ಮಧ್ಯಾಹ್ನದಲ್ಲಿ ಪುಡಿ ಮಾಡಿಸಿದಳು ಎಂದರು. ಏರುದನಿ ಇರಲಿಲ್ಲ, ಅದಕ್ಕೇ ಕೇಳಲು ಕಷ್ಟವಾಯಿತು. ಲೊರೆಟ್ಟಕ್ಕ ಅವರ ಮುಖವನ್ನೇ ನೋಡುತ್ತಾ ಕೂತಿದ್ದರು. ಜೆಸ್ಸಿ ನನ್ನ ಕಿವಿಯಲ್ಲಿ ಹೇಳಿದಳು: ಲೊರೆಟ್ಟಕ್ಕ ಮೊದಲ ಸಲ ಚುನಾವಣೆಗೆ ನಿಂತಾಗ, ಇಡೀ ಊರಿನಲ್ಲಿ ತನ್ನ ಅಂಗಳದಲ್ಲಿ ಅವರ ಹೆಸರಿನ ಬೋರ್ಡು ನೆಟ್ಟದ್ದು ಈ ವಾಲ್ಟರ್ ಒಬ್ಬರೇ. ವಾಲ್ಟರರ ಮಕ್ಕಳು ಆ ನೀರಿಗೆ ಸಿಕ್ಕಿದ ಬಸ್ಸಿನಲ್ಲಿದ್ದವರು. ಮನೆ ಹೋದ ಮೇಲೆ ಇಬ್ಬರಿಗೂ ಮಾತಿಲ್ಲ.

ಮನೆಗೆ ಬರುವ ದಾರಿಯಲ್ಲಿ ನಾನು ಲೊರೆಟ್ಟಕ್ಕನ ಹತ್ತಿರ, ವಾಲ್ಟರರ ಮನೆಯ ನೀರನ್ನೂ ಕುಡಿಯುವುದಿಲ್ಲವೇ ಎಂದು ಜೆಸ್ಸಿಯಿಂದ ಕೇಳಿಸಿದೆ. ನಮ್ಮಲ್ಲಿ ಎರಡು ಮನೆಗಳ ಜಗಳ ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯುವುದು ಹಾಗೆಯೇ. ನೀರು ಕುಡಿಯುತ್ತಾರೆ ಎಂದಾದರೆ ಇನ್ನೂ ಆಸೆ ಇದೆ. ಅವರ ಬಾಗಿಲಿಗೇ ಹೋಗಿಲ್ಲ, ಹೋಗಲು ಧೈರ್ಯವೂ ಇಲ್ಲ ಎಂದರು ಲೊರೆಟ್ಟಕ್ಕ.

ಗುಡ್ಡದ ಮೇಲಿನ ಬಡಾವಣೆ

ಶನಿವಾರ ಮನೆಮನೆ ಪ್ರಚಾರ. ನಾನು ನೋಡಲು ಮಾತ್ರ ಹೋದವಳು, ಆದರೆ ಕರಪತ್ರದ ಕಟ್ಟು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ನಾಲ್ಕು ಹಿಡಿದುಕೊಂಡು ರಸ್ತೆ ಬದಿಯ ಟಪಾಲು ಪೆಟ್ಟಿಗೆಗಳಿಗೆ ತುರುಕತೊಡಗಿದೆ. ಜೆಸ್ಸಿ ಓಡಿ ಬಂದಳು.

"ಎಂತ ಮಾಡುದು ಅಕ್ಕ ನೀವು? ಅದಕ್ಕೆ ಪೋಸ್ಟಿನವರು ಮಾತ್ರ ಹಾಕ್ಲಿಕ್ಕೆ. ಬೇರೆಯವರು ಹಾಕಿದ್ರೆ ಕೇಸಾಗ್ತದೆ ಮಾರಾಯ್ರೆ."

ತುರುಕಿದ್ದನ್ನೆಲ್ಲ ಕಳ್ಳರ ಹಾಗೆ ವಾಪಸು ತೆಗೆದೆವು. ಅಲ್ಲಿ ಬಾಗಿಲು ಬಡಿದು, ಹೊರಗೇ ನಿಂತು ಎರಡು ಮಾತಾಡಿ, ಚೀಟಿ ಕೊಟ್ಟು ಬರುವುದು ಕ್ರಮ. ಒಳಗೆ ಬನ್ನಿ ಎನ್ನುವುದಿಲ್ಲ, ಬೆಲ್ಲ ನೀರು ಇಲ್ಲ. ನನಗೆ ಅತಿ ದೊಡ್ಡ ತೊಂದರೆಯಾದದ್ದು ಚಪ್ಪಲಿ ಇಲ್ಲದ ಮೆಟ್ಟಿಲು. ನಮ್ಮ ಕಡೆ ಪ್ರಚಾರಕ್ಕೆ ಹೋದವರು ಮೊದಲು ನೋಡುವುದು ಅದನ್ನೇ. ಮೆಟ್ಟಿಲ ಬಳಿಯ ಚಪ್ಪಲಿ ನೋಡಿದರೆ ಮನೆಯಲ್ಲಿ ಎಷ್ಟು ಜನ ಇದ್ದಾರೆ, ಎದುರು ಪಕ್ಷದವರು ಒಳಗೆ ಕೂತು ಚಹಾ ಕುಡಿಯುತ್ತಿದ್ದಾರೆಯೇ ಎಂದೆಲ್ಲ ತಿಳಿಯುತ್ತದೆ. ಇಲ್ಲಿ ಒಂದೂ ಇಲ್ಲ. ಆದರೂ ನಾನು ಪ್ರತಿ ಮೆಟ್ಟಿಲಲ್ಲಿ ಶೂ ಬಿಚ್ಚಿಯೇ ಮೇಲೆ ಹತ್ತಿದೆ. ಇನ್ನೊಬ್ಬರ ಜಗಲಿಗೆ ಶೂ ಹಾಕಿಕೊಂಡು ಹತ್ತಿ ಓಟು ಕೇಳಲು ನನ್ನ ಕಾಲು ಒಪ್ಪಲಿಲ್ಲ.

ಮೂಲೆಯ ಮನೆಯ ಅಂಗಳದಲ್ಲಿ ಎದುರಾಳಿಯ ಬೋರ್ಡು ನೆಟ್ಟಿತ್ತು. ಲೊರೆಟ್ಟಕ್ಕ ರಸ್ತೆಯ ಆಚೆ ಬದಿಯ ಮನೆಗಳಲ್ಲಿದ್ದರು. ಜೆಸ್ಸಿಗೆ ಆಸ್ಪತ್ರೆಯಿಂದ ಫೋನು ಬಂದಿತ್ತು. ನಾನು ನೇರ ಹೋದೆ. ಎದುರು ಪಕ್ಷದ ಮನೆಯನ್ನು ಬಿಟ್ಟು ಹೋದರೆ ಹೆದರಿದ ಹಾಗೆ, ಅಲ್ಲಿಗೆ ಮೊದಲು ಹೋಗಬೇಕು ಎಂದು ನನಗೆ ಚುನಾವಣೆ ಕಲಿಸಿದವರು ಹೇಳಿದ್ದರು. ಶೂ ಬಿಚ್ಚಿ, ಮೂರು ಮೆಟ್ಟಿಲು ಹತ್ತಿ ಬಾಗಿಲು ಬಡಿದೆ. ತೆರೆದವರು ವಾಲ್ಟರ್. ಅವರ ಕಾಲ ಸಂದಿಯಿಂದ ಕಂದು ಬಣ್ಣದ ನಾಯಿಯೊಂದು ಹೊರಗೆ ಹಾರಿ, ನನ್ನ ಎಡಗಾಲಿನ ಶೂ ಕಚ್ಚಿಕೊಂಡು ಮನೆಯ ಹಿಂದಿನ ಕಾಡಿಗೆ ಓಡಿತು. ಅದಕ್ಕೂ ಆ ಬಡಾವಣೆಯಲ್ಲಿ ಮೆಟ್ಟಿಲ ಮೇಲೆ ಶೂ ಸಿಕ್ಕಿದ್ದು ಅದೇ ಮೊದಲಿರಬೇಕು.

ವಾಲ್ಟರ್ ನನ್ನ ಸೀರೆ ನೋಡಿದರು, ಅದರ ಮೇಲಿನ ಸ್ವೆಟರ್ ನೋಡಿದರು, ಬರಿಗಾಲು ನೋಡಿ ಗಾಬರಿಯಾದರು. ನಾಯಿಗೆ ಕೂಗಿದರು, ಬರಲಿಲ್ಲ. ಕೊನೆಗೆ ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ ಹೀಟರಿನ ಹತ್ತಿರ ಕೂರಿಸಿ, ತನ್ನ ಒಂದು ಜೊತೆ ಉಣ್ಣೆಯ ಕಾಲುಚೀಲ ತಂದುಕೊಟ್ಟರು. ಎದುರಾಳಿಯ ಬೋರ್ಡಿನ ಮನೆಯಲ್ಲಿ, ಕೈಯಲ್ಲಿ ಲೊರೆಟ್ಟಕ್ಕನ ಚೀಟಿ, ಕಾಲಲ್ಲಿ ವಾಲ್ಟರರ ಕಾಲುಚೀಲ. ನನ್ನ ಇಂಗ್ಲಿಷಿನಲ್ಲಿ ನನಗೆ ಹೇಳಲಾದದ್ದು ಸಾರಿ ಮತ್ತು ವಾಟರ್. ಅವರು ನೀರು ತಂದರು, ನಾನು ಕುಡಿದೆ.

ಆಗ ಬಾಗಿಲು ಬಡಿಯಿತು. ಮೆಟ್ಟಿಲಲ್ಲಿ ನನ್ನ ಒಂದೇ ಶೂ ನೋಡಿ ಲೊರೆಟ್ಟಕ್ಕ ಹೆದರಿ ಬಂದಿದ್ದರು, ಹಿಂದೆ ಜೆಸ್ಸಿ. ನನ್ನನ್ನು ಅಲ್ಲಿ ಬಿಟ್ಟು ಹೋಗುವ ಹಾಗಿಲ್ಲ, ಕರೆದುಕೊಂಡು ಹೋಗಲು ಶೂ ಇಲ್ಲ. ನಾಯಿ ಬರುವವರೆಗೆ ಕಾಯಬೇಕಾಯಿತು. ವಾಲ್ಟರ್ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದು, ಆಮೇಲೆ ಕುರ್ಚಿ ತೋರಿಸಿದರು. ಕಾಫಿ ಹಾಕಿದರು. ಗೋಡೆಯಲ್ಲಿ ಕೆಳಬೀದಿಯ ಮನೆಯ ಪಟವಿತ್ತು, ಮೆಟ್ಟಿಲ ಮೇಲೆ ಶಾಲೆಯ ಚೀಲ ಹಾಕಿಕೊಂಡ ಮಕ್ಕಳು.

ವಾಲ್ಟರ್ ಪಟ ನೋಡುತ್ತಾ ಮಾತು ಶುರು ಮಾಡಿದರು. ಜೆಸ್ಸಿ ಅದನ್ನು ನನಗೆ ನಮ್ಮ ಕನ್ನಡದಲ್ಲಿ ಹೇಳುತ್ತಾ ಹೋದಳು. "ನಾನು ನಿನಗೆ ಓಟು ಹಾಕುದಿಲ್ಲ, ಲೊರೆಟ್ಟ. ಎದುರೇ ಹೇಳ್ತೇನೆ, ಹಿಂದಿನಿಂದ ಅಲ್ಲ."

ಲೊರೆಟ್ಟಕ್ಕ ಕಾಫಿಯನ್ನು ಒಂದು ಗುಟುಕು ಕುಡಿದರು. ಅದನ್ನು ನೋಡಲೆಂದೇ ನಾನು ಕೂತಿದ್ದೆ. ಆಮೇಲೆ ಅವರು ಹೇಳಿದ್ದನ್ನು ಜೆಸ್ಸಿ ತಡವರಿಸುತ್ತಾ ಹೇಳಿದಳು.

"ಬೈಯಿರಿ ವಾಲ್ಟರ್. ನಿಮ್ಮ ಮನೆ ತೆಗೆದದ್ದು ನಾನೇ. ಬೈಲಿಕ್ಕೆ ನೀವು ಇದ್ದೀರಲ್ಲ, ನನಗೆ ಅಷ್ಟು ಸಾಕು."

ನಾಯಿ ಬಾಯಿ ಖಾಲಿ ಮಾಡಿಕೊಂಡು ಬಂತು. ನಾನು ಅವರ ಕಾಲುಚೀಲದಲ್ಲೇ ಕಾರು ಹತ್ತಿದೆ. ನಮ್ಮೂರಿನಲ್ಲಿ ಓಟು ಕೇಳಲು ಹೋದ ಪ್ರತಿ ಮನೆಯವರೂ ನಿಮಗೇ ಹಾಕುವುದು ಎನ್ನುತ್ತಾರೆ, ಎಣಿಕೆಯ ದಿನ ಅವರೆಲ್ಲ ಎಲ್ಲಿ ಹೋದರು ಎಂದು ಹುಡುಕಬೇಕಾಗುತ್ತದೆ. ಹಾಕುವುದಿಲ್ಲ ಎಂದು ಎದುರೇ ಹೇಳಿ ಕಾಫಿ ಕೊಟ್ಟವರ ಮೇಲೆ ನನಗೆ ಗೌರವ ಹುಟ್ಟಿತು. ಅವರ ಮನೆಯಲ್ಲಿ ಓಟಿನ ಮಾತೇ ಎತ್ತದೆ ಎದ್ದು ಬಂದ ಲೊರೆಟ್ಟಕ್ಕನ ಮೇಲೆ ಅದಕ್ಕಿಂತ ಹೆಚ್ಚು.

ಮತದಾನದ ಮರುದಿನ

ಲೊರೆಟ್ಟಕ್ಕ ಸೋತರು. ಅವರ ಹಳೆಯ ಬಸ್ಸಿನಲ್ಲಿ ಹಿಡಿಸುವಷ್ಟು ಜನರ ಅಂತರ. ನನಗೆ ತಡೆಯಲಾಗದೆ ಅಳು ಬಂತು. ಊರಿನಲ್ಲಿ ಎರಡನೇ ಸಲ ನಿಂತು ನಾನೇ ಸೋತಾಗಲೂ ಅಷ್ಟು ಅತ್ತಿರಲಿಲ್ಲ. ಗೆದ್ದವನಿಗೆ ಅವರು ಫೋನು ಮಾಡಿ ಅಭಿನಂದನೆ ಹೇಳಿದರು. ಕೆಳಬೀದಿಯ ನಿರ್ಣಯ ಬದಲಿಸುವ ಮೊದಲು ಹಿಮ ಕರಗಿ ಒಂದು ಮಳೆ ಕಳೆಯುವವರೆಗೆ ಕಾಯಿರಿ ಎಂದಷ್ಟೇ ಕೇಳಿಕೊಂಡರಂತೆ. ಆತ 'ನೋಡುವ' ಎಂದನಂತೆ. ಆ 'ನೋಡುವ' ಎಂಬುದರ ಅರ್ಥ ಎಲ್ಲ ದೇಶದಲ್ಲೂ ಒಂದೇ ಎಂದು ನನಗೆ ಆಗ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಅವರು ಕಾರು ತೆಗೆದು ತನ್ನ ಬೋರ್ಡುಗಳನ್ನು ಕೀಳಲು ಹೊರಟರು. ಅಲ್ಲಿ ಚುನಾವಣೆ ಮುಗಿದ ಮೇಲೆ ಅಭ್ಯರ್ಥಿಯೇ ಊರು ಚೊಕ್ಕ ಮಾಡಬೇಕು. ನಮ್ಮಲ್ಲಾದರೆ ಗೋಡೆಗೆ ಅಂಟಿಸಿದ ಮುಖ ಮುಂದಿನ ಚುನಾವಣೆಯವರೆಗೆ ಮಳೆಗೆ ನೆನೆಯುತ್ತಾ ಕೈ ಮುಗಿದುಕೊಂಡೇ ಇರುತ್ತದೆ. ನಾನೂ ಹೊಸ ಶೂ ಹಾಕಿಕೊಂಡು ಜೊತೆಗೆ ಹೋದೆ. ಸೋತ ಮೇಯರಮ್ಮ ಬೀದಿಬೀದಿಯಲ್ಲಿ ತನ್ನ ಹೆಸರನ್ನು ತಾನೇ ಕಿತ್ತು ಡಿಕ್ಕಿಗೆ ತುಂಬುವುದನ್ನು ನನಗೆ ನೋಡಲಾಗಲಿಲ್ಲ. ಅವರಿಗೆ ಮಾತ್ರ ಬೆನ್ನು ಬಗ್ಗಿದ್ದು ಬೋರ್ಡು ಕೀಳಲು ಅಷ್ಟೇ. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೆಸರು ಹಿಡಿದು ನಮಸ್ಕಾರ ಹೇಳಿದರು.

ಗುಡ್ಡದ ಬಡಾವಣೆಗೆ ಬಂದಾಗ ವಾಲ್ಟರ್ ಆ ಸಾಲಿನ ಲೊರೆಟ್ಟಕ್ಕನ ಬೋರ್ಡುಗಳನ್ನೆಲ್ಲ ಆಗಲೇ ಕಿತ್ತು ರಸ್ತೆ ಬದಿಗೆ ತಂದು ಇಟ್ಟಿದ್ದರು. ಡಿಕ್ಕಿಗೆ ಹಾಕಿ ಕೊಟ್ಟರು. ಹೊರಡುವಾಗ ಗೌರವಕ್ಕೆ ಟೊಪ್ಪಿ ಮುಟ್ಟಿದರು.

ಐವರ್ನಾಡು, ಸೊಸೈಟಿಯ ಜಗಲಿ

ಮಾರ್ಚಿನ ಒಂದು ಸಂಜೆ. ನಮ್ಮ ಹೊಳೆಯಲ್ಲಿ ನೀರು ಕಲ್ಲುಗಳ ಸಂದಿಗೆ ಇಳಿದಿತ್ತು. ನಾನು ಸಹಕಾರಿ ಸೊಸೈಟಿಯ ಜಗಲಿಯಲ್ಲಿ ನಾಲ್ಕು ಜನರೊಟ್ಟಿಗೆ ಕೂತು ಸೆಖೆಗೆ ಬೈಯುತ್ತಿದ್ದೆ. ಜೆಸ್ಸಿಯ ವಿಡಿಯೋ ಕಾಲ್ ಬಂತು. ಅಲ್ಲಿ ಬೆಳಿಗ್ಗೆ.

"ಅಕ್ಕ, ನೋಡಿ," ಎಂದು ಅವಳು ಫೋನು ತಿರುಗಿಸಿದಳು.

ಮೊದಲು ನನಗೆ ನದಿ ಎಂದೇ ಕಂಡಿತು. ಆಮೇಲೆ ಆ ಒಂಟಿ ಗೇಟಿನ ಕಂಬದ ತುದಿ ಕಂಡಿತು. ಅದು ಕೆಳಬೀದಿ. ಹಿಮ ಕರಗಿದ್ದರ ಮೇಲೆ ಜೋರು ಮಳೆ ಹೊಡೆದು, ಒಂದೇ ರಾತ್ರಿಯಲ್ಲಿ ನದಿ ಬೀದಿಯನ್ನು ನುಂಗಿತ್ತು. ಕೆಂಪು ನೀರು ಮರದ ದಿಮ್ಮಿಗಳನ್ನು ಹೊತ್ತುಕೊಂಡು, ಮನೆಗಳಿದ್ದ ಜಾಗದ ಮೇಲೆ ಓಡುತ್ತಿತ್ತು. ಮನೆಗಳು ಇದ್ದಿದ್ದರೆ ಮಲಗಿದ್ದವರನ್ನು ಎಬ್ಬಿಸಲೂ ಸಮಯ ಸಿಗುತ್ತಿರಲಿಲ್ಲ ಎಂದಳು ಜೆಸ್ಸಿ. ಹೊಸ ಮೇಯರ್ ಇನ್ನೂ ನಕ್ಷೆ ಮಾಡಿಸುತ್ತಿದ್ದನಂತೆ, ಒಂದು ಕಲ್ಲೂ ಇಟ್ಟಿರಲಿಲ್ಲ. ಆ ನೀರಿನಲ್ಲಿ ಒಬ್ಬರೂ ಇರಲಿಲ್ಲ.

ಗುಡ್ಡದ ಅಂಚಿನಲ್ಲಿ ಬಡಾವಣೆಯ ಜನ ಕಂಬಳಿ ಹೊದ್ದು ನಿಂತು ಕೆಳಗೆ ನೋಡುತ್ತಿದ್ದರು. ಎಲ್ಲರ ಮುಂದೆ ಲೊರೆಟ್ಟಕ್ಕ, ಪಕ್ಕದಲ್ಲಿ ವಾಲ್ಟರ್. ಜೆಸ್ಸಿ ನನ್ನ ಹೆಸರು ಹೇಳಿದಾಗ ಲೊರೆಟ್ಟಕ್ಕ ಕೈ ಎತ್ತಿದರು. ವಾಲ್ಟರ್ ಫೋನಿನ ಹತ್ತಿರ ಬಗ್ಗಿ ಒಂದೇ ವಾಕ್ಯ ಹೇಳಿದರು. ಜೆಸ್ಸಿ ಅದನ್ನು ಹೇಳುವ ಮೊದಲು ಮೂಗು ಒರೆಸಿಕೊಂಡಳು.

"ಬೈಲಿಕ್ಕೆ ನಾವು ಎಲ್ಲರೂ ಇದ್ದೇವೆ ಅಂತ ನಿಮಗೆ ಹೇಳ್ಲಿಕ್ಕೆ ಹೇಳಿದ್ರು ಅಕ್ಕ."

ಜಗಲಿಯಲ್ಲಿದ್ದವರು ನನ್ನ ಫೋನಿಗೆ ಇಣುಕಿ, ಆ ಹೆಂಗಸು ಯಾರು, ಯಾಕೆ ನೀನು ಅಳುವುದು ಎಂದು ಕೇಳಿದರು. ನಾನು ಎದ್ದು ನಿಂತು, ಫೋನನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದೆ.

"ನಮ್ಮ ಲೊರೆಟ್ಟಕ್ಕ," ಎಂದೆ. "ಚುನಾವಣೆಯಲ್ಲಿ ಸೋತವರು."